ಗಾಜಿನೊಳಗೆ ಇಪ್ಪತ್ತೆರಡು ಗಂಟು

ಸತ್ತ ಮೇಲೆ ಯಜಮಾನರು ದಿನಕ್ಕೊಂದು ಗೇಣು ಬೆಳೆಯುತ್ತಿದ್ದರು. ಮೊದಲ ವಾರ ಅವರು ಒಳ್ಳೆಯ ರೈತ, ಒಳ್ಳೆಯ ವ್ಯಾಪಾರಿ, ಅಷ್ಟೆ. ಎರಡನೆಯ ವಾರಕ್ಕೆ ಇಡೀ ಸೀಮೆಗೆ ತರಕಾರಿ ತಿನ್ನಲು ಕಲಿಸಿದವರಾದರು. ತಿಂಗಳು ತುಂಬುವ ಹೊತ್ತಿಗೆ, ದೊಡ್ಡ ಮಗನ ಬಾಯಲ್ಲಿ, ಜೀವಮಾನದಲ್ಲಿ ಒಮ್ಮೆಯೂ ಸಿಟ್ಟು ಮಾಡಿಕೊಳ್ಳದ ಮನುಷ್ಯರಾಗಿಬಿಟ್ಟಿದ್ದರು. ಅದೇ ಮಗನ ಬೆನ್ನಿಗೆ ತಕ್ಕಡಿಯ ಸರಪಳಿ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದ ಮಗಳು ಆ ಮಾತು ಕೇಳಿದಾಗಲೆಲ್ಲ ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಬರುತ್ತಿದ್ದಳು.

ಹಾಗಂತ ಅವಳಿಗೆ ಅಪ್ಪನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಬೇಕಾದಷ್ಟಿತ್ತು. ಮೂವರು ಮಕ್ಕಳಲ್ಲಿ ಅವಳೇ ಕೊನೆಯವಳು. ಮದುವೆ ಮುರಿದುಕೊಂಡು ತವರಿಗೆ ಬಂದ ದಿನ ಅಣ್ಣಂದಿರು ನೂರೆಂಟು ಪ್ರಶ್ನೆ ಕೇಳಿದ್ದರು. ಅಪ್ಪ ಮಾತ್ರ ಒಂದೂ ಕೇಳದೆ ಅಂಗಡಿಯ ಹಿಂದಿನ ಬೀಜದ ಕೋಣೆಗೆ ಕರೆದುಕೊಂಡು ಹೋಗಿ, "ಇಲ್ಲಿ ಕೂತ್ಕೋ. ಕಲ್ಲು, ಜೊಳ್ಳು ಆರಿಸು" ಎಂದಿದ್ದರು. ಆರಿಸುತ್ತಾ ಆರಿಸುತ್ತಾ ಇಪ್ಪತ್ತು ವರ್ಷ ಕಳೆದವು. ಅವಳ ಅಳುವೂ ಎಲ್ಲೋ ಆ ಜೊಳ್ಳಿನ ಜೊತೆಗೇ ಹೋಯಿತು.

ಆ ಕೋಣೆಗೆ ಕಿಟಕಿಯಿಲ್ಲ. ಗೋಡೆ ದಪ್ಪ, ಒಳಗೆ ಸದಾ ತಂಪು. ಮರದ ಹಲಗೆಗಳ ಮೇಲೆ ಇಪ್ಪತ್ತೆರಡು ಚೀಲ. ಒಂದರ ಮೇಲೂ ಹೆಸರಿಲ್ಲ. ಚೀಟಿ ಅಂಟಿಸಿದರೆ ಎದುರು ಅಂಗಡಿಯವನೂ ಓದಿಬಿಡುತ್ತಾನೆ ಎಂಬುದು ಯಜಮಾನರ ವಾದ. ಅದಕ್ಕೇ ಅವರು ಚೀಲದ ಬಾಯಿಗೆ ಕಟ್ಟುವ ಹುರಿಯಲ್ಲೇ ಗುರುತು ಹಾಕುತ್ತಿದ್ದರು. ಬೇಗ ಬರುವ ಎಲೆಕೋಸಿಗೆ ಎರಡು ಗಂಟು, ತಡವಾಗಿ ಬರುವುದಕ್ಕೆ ಮೂರು, ಹೂಕೋಸಿಗೆ ಗಂಟಿನ ಪಕ್ಕ ಕುಣಿಕೆ, ನವಿಲುಕೋಸಿಗೆ ಜಡೆ. ಕೋಸಿನ ವಂಶದ ಬೀಜವೆಲ್ಲ ನೋಡಲು ಸಾಸಿವೆ ಕಾಳಿನ ಹಾಗೆ ಒಂದೇ ತೆರ; ದೇವರೇ ಇಳಿದು ಬಂದರೂ ಕಣ್ಣಲ್ಲಿ ನೋಡಿ ಇದು ಹೂವಾಗುತ್ತದೆ, ಇದು ಗಡ್ಡೆಯಾಗುತ್ತದೆ ಎನ್ನಲಾರ. ಆ ಗಂಟುಗಳನ್ನು ಓದಬಲ್ಲವರು ಲೋಕದಲ್ಲಿ ಇಬ್ಬರೇ ಇದ್ದರು. ಈಗ ಒಬ್ಬಳು.

ಅವಳಿಗೆ ಬೇಕಾಗಿದ್ದುದು ಆ ಕೋಣೆ ಮಾತ್ರ. ಮನೆ ಬೇಡ, ಹೊಲ ಬೇಡ. ಆದರೆ ದೊಡ್ಡಣ್ಣನ ಹೆಂಡತಿಗೂ ಅದರ ಮೇಲೆ ಕಣ್ಣಿತ್ತು. ಅತ್ತಿಗೆಯ ತಮ್ಮ ಪ್ಲಾಸ್ಟಿಕ್ ಹೂಕುಂಡಗಳ ವ್ಯಾಪಾರಕ್ಕೆ ಗೋದಾಮು ಹುಡುಕುತ್ತಿದ್ದ. ದೊಡ್ಡಣ್ಣ ಎರಡೂ ಕಡೆ ತಲೆಯಾಡಿಸಿ, ಕೊನೆಗೆ ತಂಗಿಗೆ ಮಾತು ಕೊಟ್ಟಿದ್ದ. "ಅಪ್ಪನ ಸ್ಮರಣೆಯ ಸಭೆ ಸುಸೂತ್ರವಾಗಿ ಮುಗೀಲಿ. ವೇದಿಕೆ ಮೇಲೇ ಹೇಳ್ತೀನಿ, ಬೀಜದ ಕೋಣೆ ಇನ್ಮೇಲೆ ತಂಗೀದು ಅಂತ." ಸಭೆ ಮುಗಿದ ಕೂಡಲೇ ವರ್ಷದ ಬೀಜ ಮಾರಾಟ. ಸುತ್ತಲಿನ ಬೆಳೆಗಾರರೆಲ್ಲ ಹೇಗೂ ಬರುತ್ತಾರೆ, ಕಣ್ಣೀರೂ ಆಯಿತು, ವ್ಯಾಪಾರವೂ ಆಯಿತು ಎಂಬುದು ದೊಡ್ಡಣ್ಣನ ಲೆಕ್ಕಾಚಾರ.

ಸಭೆಯ ದಿನ ಬೆಳಿಗ್ಗೆ ಚಿಕ್ಕಣ್ಣ ಒಂದು ದೊಡ್ಡ ಚೌಕಟ್ಟನ್ನು ಬಟ್ಟೆ ಮುಚ್ಚಿ ಹೊತ್ತು ತಂದ. ಅವನದು ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ; ಕಣ್ಣಿಗೆ ಬಿದ್ದದ್ದಕ್ಕೆಲ್ಲ ಗಾಜು ಹಾಕದಿದ್ದರೆ ಅವನಿಗೆ ತಿಂದದ್ದು ಅರಗುವುದಿಲ್ಲ.

"ಕಣ್ಣು ಮುಚ್ಕೋ" ಎಂದು ಬಟ್ಟೆ ಎಳೆದ.

ಕೆಂಪು ಮಖಮಲ್ಲಿನ ಮೇಲೆ, ಗಾಜಿನ ಹಿಂದೆ, ಸಾಲುಸಾಲಾಗಿ ಇಪ್ಪತ್ತೆರಡು ಹುರಿಯ ತುಂಡುಗಳು. ಕೆಳಗೆ ಬಂಗಾರದ ಬಣ್ಣದಲ್ಲಿ 'ಅಪ್ಪನ ಕೈಯ ಗಂಟುಗಳು' ಎಂದು ಬರೆದಿತ್ತು.

ಮಗಳು ಗಾಜಿನ ಹತ್ತಿರಕ್ಕೆ ಬಾಗಿದಳು. "ಇವನ್ನ ಎಲ್ಲಿಂದ ತಂದೆ?"

"ಎಲ್ಲಿಂದ ಅಂದ್ರೆ? ಚೀಲಗಳಿಂದಾನೇ. ನಿನ್ನೆ ನೀನು ಸಂತೆಗೆ ಹೋಗಿದ್ಯಲ್ಲ, ಆಗ ಕತ್ತರಿಸಿದೆ. ಚೀಲದ ಬಾಯಿ ಬಿಟ್ಟು ಬಂದೆ ಅನ್ಕೋಬೇಡ, ಹೊಸ ಹಗ್ಗದಲ್ಲಿ ನೀಟಾಗಿ ಕಟ್ಟಿದ್ದೀನಿ. ಎಲ್ಲಾ ಒಂದೇ ಬಣ್ಣ."

"ಯಾವ ಗಂಟು ಯಾವ ಚೀಲದ್ದು?"

ಚಿಕ್ಕಣ್ಣ ಚೌಕಟ್ಟನ್ನೊಮ್ಮೆ, ತಂಗಿಯನ್ನೊಮ್ಮೆ ನೋಡಿದ. "ಅದೆಲ್ಲ ಹೇಗೆ ಗೊತ್ತಾಗುತ್ತೆ? ಉದ್ದದ್ದು ಮೇಲೆ, ಗಿಡ್ಡದ್ದು ಕೆಳಗೆ ಅಂಟಿಸಿದೆ. ನೋಡೋಕೆ ಚೆನ್ನಾಗಿರಬೇಕಲ್ಲ!"

ಅವಳು ಕೋಣೆಗೆ ಓಡಿದಳು. ಇಪ್ಪತ್ತೆರಡು ಚೀಲಗಳು ನೀಲಿ ಹಗ್ಗ ಕಟ್ಟಿಸಿಕೊಂಡು ಸಾಲಾಗಿ ಕುಳಿತಿದ್ದವು. ಕತ್ತರಿಸಲು ಅನುಕೂಲವೆಂದು ಪುಣ್ಯಾತ್ಮ ಎಲ್ಲವನ್ನೂ ಹಲಗೆಯಿಂದ ಕೆಳಗಿಳಿಸಿ, ಮನಸ್ಸಿಗೆ ಬಂದಂತೆ ಮೇಲಿಟ್ಟಿದ್ದ. ಮೂಲಂಗಿ, ಕ್ಯಾರೆಟ್, ಈರುಳ್ಳಿಯಂಥ ಹನ್ನೊಂದು ಚೀಲ ಬೀಜ ನೋಡಿಯೇ ಗುರುತು ಸಿಕ್ಕವು. ಉಳಿದ ಹನ್ನೊಂದು ಕೋಸಿನ ವಂಶ. ಅವಳು ಅಲ್ಲೇ ನೆಲದ ಮೇಲೆ ಕುಳಿತು ಅತ್ತಳು. ಅಪ್ಪ ತೀರಿಕೊಂಡ ದಿನವೂ ಅವಳು ಅಷ್ಟು ಅತ್ತಿರಲಿಲ್ಲ.

ದೊಡ್ಡಣ್ಣ ಸುದ್ದಿ ಕೇಳಿ ತಲೆ ಕೆಡಿಸಿಕೊಳ್ಳಲಿಲ್ಲ. ಅವನು ಕನ್ನಡಿಯ ಮುಂದೆ ಭಾಷಣ ಅಭ್ಯಾಸ ಮಾಡುತ್ತಿದ್ದ.

"ಎಲ್ಲಾ ಕೋಸೇ ತಾನೇ? ಅಂದಾಜಿನ ಮೇಲೆ ಕೊಟ್ಬಿಡು. ಅರ್ಧಕ್ಕರ್ಧ ಸರಿಯಾಗಿರುತ್ತೆ."

"ತಪ್ಪಾದ್ರೆ ಅವರ ಒಂದು ಬೆಳೆ ಹೋಗುತ್ತೆ ಅಣ್ಣ. ಮೊಳಕೆ ಹಾಕಿ ಎಲೆ ನೋಡೋಣ ಅಂದ್ರೆ ತಿಂಗಳು ಬೇಕು. ಅವರು ಈ ವಾರಾನೇ ಬಿತ್ತಬೇಕು."

"ಹಾಗಾದ್ರೆ ಸುಮ್ನಿರು. ನಿಂಗೆ ಕೋಣೆ ಬೇಕೋ ಬೇಡ್ವೋ? ಇವತ್ತು ಅಪ್ಪನ ಹೆಸರು ಕೆಡಬಾರದು. ಇಂಥ ಹೊತ್ತಲ್ಲಿ ಅಪ್ಪ ಇದ್ದಿದ್ರೆ ಏನ್ ಮಾಡ್ತಿದ್ರು, ಸ್ವಲ್ಪ ಯೋಚನೆ ಮಾಡು."

ಅಪ್ಪ ಇದ್ದಿದ್ದರೆ ಏನು ಮಾಡುತ್ತಿದ್ದರು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಸಭೆ ಅಂಗಡಿಯ ಮುಂದಿನ ಅಂಗಳದಲ್ಲಿ ನಡೆಯಿತು. ಕುರ್ಚಿಗಳೆಲ್ಲ ತುಂಬಿದ್ದವು. ಎರಡನೆಯ ಸಾಲಿನ ತುದಿಯಲ್ಲಿ, ಕೋಲೂರಿ ನಡೆಯುವುದರಿಂದ ಊರೆಲ್ಲ ಕೋಲಿನ ಮಾವ ಎಂದು ಕರೆಯುವ ಮುದುಕರು ಕುಳಿತಿದ್ದರು. ಒಂದು ಕಾಲದಲ್ಲಿ ಸ್ವಂತ ಹೊಲ ಇಟ್ಟುಕೊಂಡಿದ್ದವರು, ಈಗ ಬೇರೆಯವರ ಮೂರು ಪಟ್ಟಿ ಜಮೀನನ್ನು ಗುತ್ತಿಗೆಗೆ ಹಿಡಿದು ತರಕಾರಿ ಬೆಳೆಯುತ್ತಿದ್ದರು. ತೊಡೆಯ ಮೇಲೆ ಬೀಜಕ್ಕೆಂದು ತಂದ ಬಟ್ಟೆಯ ಚೀಲವನ್ನು ಮಡಿಚಿ ಇಟ್ಟುಕೊಂಡಿದ್ದರು.

ದೊಡ್ಡಣ್ಣ ಮೈಕು ಹಿಡಿದವನು ಬಿಡಲಿಲ್ಲ. ಅಪ್ಪ ಹಸಿದವರಿಗೆ ಕೊಟ್ಟ ಅನ್ನ, ಅಪ್ಪ ಆಡದ ಸುಳ್ಳು, ಅಪ್ಪ ಬಯಸದ ಪರರ ಸೊತ್ತು, ಒಂದೊಂದಾಗಿ ಹೊರಬಂದವು. "ಒಂದು ಹಿಡಿ ಮಣ್ಣು ಮೂಸಿ ನೋಡಿ ಹೊಲದ ಜಾತಕ ಹೇಳೋರು ನಮ್ಮಪ್ಪ! ಕಾಲುವೆ ಪಕ್ಕದ ಬರಡು ಹೊಲ ಯಾರಿಗೂ ಬೇಡವಾಗಿತ್ತು. ನಮ್ಮಪ್ಪ ತಗೊಂಡು ಬಂಗಾರ ಮಾಡಿದ್ರು!" ಚಪ್ಪಾಳೆ ಬಿತ್ತು. ಚಿಕ್ಕಣ್ಣ ಚೌಕಟ್ಟನ್ನು ಎತ್ತಿ ತೋರಿಸಿದ. ಮುಂದಿನ ಸಾಲಿನವರು ಕಣ್ಣೊರೆಸಿಕೊಂಡರು. ತಮ್ಮ ಮುಂದಿನ ಬೆಳೆ ಆ ಗಾಜಿನೊಳಗೆ ಸಿಕ್ಕಿಕೊಂಡಿದೆ ಎಂಬುದು ಪಾಪ ಅವರಿಗೇನು ಗೊತ್ತು!

"ಈಗ ಇನ್ನೊಂದು ವಿಷಯ" ಎಂದು ದೊಡ್ಡಣ್ಣ ಗಂಟಲು ಸರಿಮಾಡಿಕೊಂಡ. "ಅಪ್ಪನ ಬೀಜದ ಕೋಣೆ ಇವತ್ತಿಂದ..."

"ಅಣ್ಣ, ತಡಿ."

ಅವಳು ಎದ್ದು ನಿಂತಿದ್ದಳು. ಇನ್ನೊಂದು ಗಳಿಗೆ ಬಾಯಿ ಮುಚ್ಚಿಕೊಂಡಿದ್ದರೆ ಕೋಣೆ ಅವಳದಾಗುತ್ತಿತ್ತು. ಬಾಯಿ ಮುಚ್ಚಿಕೊಂಡಿರುವುದು ಎಂಥ ಕೆಲಸವೆಂದು ಬಲ್ಲವಳಾದ್ದರಿಂದಲೇ ಅವಳು ಎದ್ದದ್ದು.

"ಕೋಸಿನ ಬೀಜ ಯಾರೂ ನಮ್ಮ ಹತ್ರ ತಗೋಬೇಡಿ. ಗುರುತಿನ ಗಂಟೆಲ್ಲ ಕತ್ತರಿಸಿ ಅಲ್ಲಿ ಅಂಟಿಸಿದ್ದಾರೆ. ಯಾವ ಚೀಲದಲ್ಲಿ ಏನಿದೆ ಅಂತ ನಂಗೂ ಗೊತ್ತಿಲ್ಲ. ಈ ಸಲ ಎದುರು ಅಂಗಡೀಲಿ ತಗೊಳ್ಳಿ."

ಎದುರು ಅಂಗಡಿಯವನು ಸಭೆಯಲ್ಲೇ ಇದ್ದ. ದುಃಖದ ಮುಖವನ್ನು ಉಳಿಸಿಕೊಳ್ಳಲು ಅವನು ಪಟ್ಟ ಪಾಡು ನೋಡುವಂತಿತ್ತು.

ದೊಡ್ಡಣ್ಣನ ಮುಖ ಕೆಂಪೇರಿತು. ಮೈಕು ಇನ್ನೂ ಬಾಯಿಯ ಮುಂದೆಯೇ ಇದೆಯೆಂಬುದು ಮರೆತುಹೋಗಿತ್ತು. "ಮಾನಗೆಟ್ಟವಳೇ! ಆ ಕೋಣೆ ಕುಂಡದವನಿಗೇ ಕೊಡ್ತೀನಿ, ನೀನು ಒಳಗೆ ಹೋಗಿ ಪಾತ್ರೆ ತೊಳಿ! ಅಪ್ಪ ಇದ್ದಿದ್ರೆ ಹೀಗೆ ಮಾತಾಡೋಕೆ ಬಿಡ್ತಿದ್ರಾ?"

"ಬಿಡ್ತಿರಲಿಲ್ಲ" ಎಂದಳು ಅವಳು. "ಒಂದು ಸಲ ಬಿಡಲಿಲ್ಲ. ಹದಿನೈದು ವರ್ಷದ ಹಿಂದೆ ಅಪ್ಪಾನೇ ಎರಡು ಚೀಲಕ್ಕೆ ಗಂಟು ಅದಲುಬದಲು ಹಾಕಿದ್ರು. ಬೇಗ ಬರೋ ಕೋಸು ಅಂತ ತಡವಾಗಿ ಬರೋದನ್ನ ಮಾರಿದ್ವಿ. ಗಡ್ಡೆ ಕಟ್ಟಲಿಲ್ಲ. ತಪ್ಪು ಗೊತ್ತಾದ ಮೇಲೂ ಅಪ್ಪ ಎಲ್ಲರ ಹೊಲಕ್ಕೆ ಹೋಗಿ ನಿಮ್ಮ ಮಣ್ಣು ಸರಿ ಇಲ್ಲ ಅಂದು ಬಂದ್ರು. ನಂಗೆ ಬಾಯಿ ಬಿಡಬೇಡ ಅಂದ್ರು. ನಾನು ಬಿಡಲಿಲ್ಲ."

ಚಿಕ್ಕಣ್ಣ ಚೌಕಟ್ಟನ್ನು ಮೆಲ್ಲಗೆ ಕೆಳಗಿಳಿಸಿದ. ಕೋಲಿನ ಮಾವ ಕೋಲೂರಿ ಎದ್ದರು. ಬೈಯುತ್ತಾರೆಂದು ಅವಳು ಕಾದಳು, ಬೈದಿದ್ದರೆ ಸುಲಭವಾಗುತ್ತಿತ್ತು.

"ಕಾಲುವೆ ಪಕ್ಕದ ಹೊಲ ನಂದಾಗಿತ್ತು" ಎಂದರು. "ಆ ವರ್ಷ ನಿಮ್ಮಪ್ಪ ಬಂದು ಮಣ್ಣು ಮೂಸಿದ್ರು. ಸತ್ವ ಹೋಗಿದೆ, ಮಾರ್ಬಿಡು ಅಂದ್ರು. ಬೇರೆ ಯಾರು ತಗೋತಾರೆ ಅಂತ ಅವರೇ ತಗೊಂಡ್ರು. ದೊಡ್ಡ ಮನಸ್ಸು ಅಂತ ಕೈಮುಗಿದು ಬಂದೆ."

ಮಾರಿದ್ದು ಅವಳಿಗೆ ಗೊತ್ತಿತ್ತು. ಯಾಕೆ ಮಾರಿದರೆಂದು ಅವಳು ಒಂದು ದಿನವೂ ಕೇಳಿರಲಿಲ್ಲ. ನಾಚಿಕೆಯಿಂದ ಅವಳಿಗೆ ತಲೆಯೆತ್ತಲು ಆಗಲಿಲ್ಲ.

"ಈಗ ನಿಜ ಹೇಳಮ್ಮ" ಎಂದರು ಮುದುಕರು. "ನನ್ನ ಮಣ್ಣು ಚೆನ್ನಾಗಿತ್ತಾ?"

"ಚೆನ್ನಾಗಿತ್ತು, ಮಾವ" ಎಂದಳು ಅವಳು. "ಈಗಲೂ ಚೆನ್ನಾಗಿದೆ. ನಮ್ಮನೆ ಊಟದ ತರಕಾರಿಯೆಲ್ಲ ಅಲ್ಲಿಂದಾನೇ ಬರೋದು."