ಎರಡನೆಯ ಸಹಿ

"ಓದಿ ಮೇಡಂ. ಕನ್ನಡಕ ಬೇಕಾ? ನಂದೇ ಕೊಡ್ತೀನಿ."

ಆಸ್ಪತ್ರೆಯ ಔಷಧ ಸ್ಟೋರಿನ ಕಿಟಕಿಯಿಂದ ಒಂದು ಹಾಳೆ ಹೊರಗೆ ಬಂತು. ಮೂರು ವಾರ ಬಾಯಿತುಂಬ "ಪುಟ್ಟಿ" ಎನ್ನುತ್ತಿದ್ದ ಸ್ಟೋರಿನಕ್ಕ ಇವತ್ತು ಹೊರಗೆ ನಿಂತ ಕಂಪ್ಯೂಟರ್ ಕಂಪನಿಯ ಹುಡುಗಿಯನ್ನು ಮೇಡಂ ಮಾಡಿದ್ದಳು. ಹಾಳೆ ಅಕ್ಕನಿಗೆ ಬಂದ ಮೆಮೊ. ಎರಡು ಸಹಿಗಳಿಲ್ಲದೆ ತುರ್ತು ಔಷಧ ಕೊಟ್ಟಿದ್ದಕ್ಕೆ ಕೆಲಸದಿಂದ ಏಕೆ ತೆಗೆಯಬಾರದು, ಮೂರು ದಿನದಲ್ಲಿ ಉತ್ತರಿಸಿ. ಆಧಾರ: ಹೊಸ ಕಂಪ್ಯೂಟರ್ ವ್ಯವಸ್ಥೆಗಾಗಿ ತಯಾರಿಸಿದ ವರದಿ, ಪುಟ ಹದಿನಾಲ್ಕು.

ಆ ಪುಟ ಬರೆದವಳು ಈ ಹುಡುಗಿಯೇ.

"ಕೆಲಸ ಹೇಗೆ ನಡೆಯತ್ತೆ ಅಂತ ತಿಳ್ಕೊಳ್ಳೋಕೆ ಅಷ್ಟೇ ಅಂದ್ರಿ. ಇಪ್ಪತ್ತೆರಡು ವರ್ಷ ಯಾರ ಹತ್ರಾನೂ ಬಾಯಿ ಬಿಟ್ಟವಳಲ್ಲ. ಇನ್ನೂ ಏನಾದ್ರೂ ಪ್ರಶ್ನೆ ಉಳಿದಿದೆಯಾ?"

"ಅಕ್ಕಾ, ನಾನು ನಿಮ್ಮ ಹೆಸರು ಬರ್ದಿರಲಿಲ್ಲ..."

"ಈ ಸ್ಟೋರಲ್ಲಿ ಎಷ್ಟು ಜನ ಇದೀವಿ? ನಾನು, ಆ ಫ್ರಿಜ್ಜು. ಅದಕ್ಕೆ ಮೆಮೊ ಕೊಡೋಕಾಗಲ್ಲವಲ್ಲ."

ಕಿಟಕಿ ಮುಚ್ಚಿತು.

ಒಬ್ಬೊಬ್ಬರ ಪಕ್ಕದಲ್ಲೂ ಕೂತು, ಅವರ ಕೆಲಸ ನಿಜವಾಗಿ ಹೇಗೆ ನಡೆಯುತ್ತದೆ, ಹೊಸ ವ್ಯವಸ್ಥೆಯಿಂದ ಅವರಿಗೇನು ಬೇಕು ಎಂದು ಕೇಳಿ ಬರೆಯುವುದು ಅವಳ ಕೆಲಸ. ಮಾತು ಕಡಿಮೆ ಇದ್ದದ್ದರಿಂದಲೋ ಏನೋ, ಜನ ಅವಳ ಮುಂದೆ ಮನಸ್ಸು ಬಿಚ್ಚುತ್ತಿದ್ದರು. ತುರ್ತು ಔಷಧಕ್ಕೆ ವಾರ್ಡಿನ ವೈದ್ಯರದೊಂದು, ವಿಭಾಗದ ಮುಖ್ಯಸ್ಥರದೊಂದು ಸಹಿ ಬೇಕು. ಮುಖ್ಯಸ್ಥರೋ ಮಧ್ಯಾಹ್ನವೆಲ್ಲ ಆಪರೇಷನ್ ಕೋಣೆಯಲ್ಲಿ. ಒಮ್ಮೆ ಫಿಟ್ಸ್ ಬಂದ ಮಗುವಿಗಾಗಿ ನರ್ಸು ಓಡಿಬಂದು ಮಾತು ಮುಗಿಸುವುದರೊಳಗೆ ಸ್ಟೋರಿನಕ್ಕ ಔಷಧವನ್ನು ಕಿಟಕಿಯ ಮೇಲಿಟ್ಟಿದ್ದನ್ನು ಅವಳೇ ಕಣ್ಣಾರೆ ಕಂಡಿದ್ದಳು. ಸಹಿ ಸಂಜೆಗೆ ಬಂದಿತ್ತು. 'ಮೊದಲು ಔಷಧ, ಆಮೇಲೆ ಸಹಿ. ಹೊಸ ವ್ಯವಸ್ಥೆಯಲ್ಲಿ ಇದಕ್ಕೊಂದು ದಾರಿ ಇರಬೇಕು' ಎಂದು ಎಷ್ಟು ಹೆಮ್ಮೆಯಿಂದ ಬರೆದಿದ್ದಳು. ಈಗ ಆ ಹೆಮ್ಮೆ ನೆನೆದರೇ ಮೈ ಉರಿಯುತ್ತಿತ್ತು.

ಹನ್ನೊಂದಕ್ಕೆ, ಆ ಮೆಮೊ ಕಳಿಸಿದ್ದ ಸೂಪರಿಂಟೆಂಡೆಂಟರ ಕೋಣೆಯಲ್ಲಿ ಸಭೆ. ಬಾಗಿಲಲ್ಲೇ ಅವಳ ಮ್ಯಾನೇಜರ್ ಪಿಸುಗುಟ್ಟಿದ, "ನೀನು ಬಾಯಿ ಹಾಕ್ಬೇಡ, ಬರ್ಕೋ ಅಷ್ಟೆ."

ಸೂಪರಿಂಟೆಂಡೆಂಟರು ವರದಿಯನ್ನು ಬೆರಳಿನಿಂದ ತಳ್ಳಿದರು. "ಹದಿನಾಲ್ಕನೇ ಪುಟ ಕಿತ್ತಾಕಿ. ಎರಡು ಸಹಿ ಬೀಳದೆ ಕಂಪ್ಯೂಟರ್ ಔಷಧ ಬಿಡಬಾರದು. ಹಾಗೆ ಮಾಡಿಕೊಡಿ."

"ಆಗತ್ತೆ ಸಾರ್. ಇವತ್ತೇ," ಎಂದ ಮ್ಯಾನೇಜರ್.

ಅವಳು ಬರೆದುಕೊಂಡಳು. ನಾಲ್ಕು ಸಾಲು. ಪೆನ್ನು ಒತ್ತಿದ ಕಡೆ ಕಾಗದ ಹರಿದಿತ್ತು. ಹಾಳೆ ಕಿತ್ತು ಸೂಪರಿಂಟೆಂಡೆಂಟರ ಕಡೆ ತಿರುಗಿಸಿಟ್ಟಳು.

"ಏನಿದು?"

"ನೀವು ಹೇಳಿದ್ದೇ ಸಾರ್. ಓದ್ತೀನಿ." ದನಿ ನಡುಗಿತು. ಅದು ಭಯಕ್ಕಲ್ಲ ಎಂದು ಅವಳಿಗೆ ಗೊತ್ತಿತ್ತು, ಅದಕ್ಕೇ ನಡುಗಲು ಬಿಟ್ಟಳು. "'ಮಗುವಿಗೆ ಫಿಟ್ಸ್ ಬಂದಿದೆ. ಎರಡನೆಯ ಸಹಿ ಹಾಕಬೇಕಾದವರು ಆಪರೇಷನ್ ಮಾಡುತ್ತಿದ್ದಾರೆ. ಅವರು ಹೊರಗೆ ಬರುವವರೆಗೆ ವ್ಯವಸ್ಥೆ ಔಷಧ ಕೊಡುವುದಿಲ್ಲ. ಮಗು ಕಾಯಬೇಕು.' ಕೆಳಗೆ ನಿಮ್ಮ ಸಹಿ ಬೇಕು."

"ಹೀಗೆಲ್ಲ ಬರೀತಾರೇನ್ರೀ?"

"ಹೇಗೆ ಬರೀಬೇಕು ಹೇಳಿ ಸಾರ್. ಹಾಗೇ ಬರೀತೀನಿ."

ಮೇಜಿನ ಕೆಳಗೆ ಮ್ಯಾನೇಜರನ ಬೂಟು ಅವಳ ಕಾಲು ತುಳಿಯಿತು. "ಹೊಸಬಳು ಸಾರ್, ಗೊತ್ತಾಗಲ್ಲ..."

ಅವಳು ಕಾಲು ಎಳೆದುಕೊಂಡಳು. "ಒಂದು ಸಹಿ ತಡವಾಯ್ತು ಅಂತ ಒಬ್ಬರ ಹೊಟ್ಟೆ ಮೇಲೆ ಹೊಡೀತಿದೀರಿ ಸಾರ್. ನಿಮಗೆ ಇದಕ್ಕೊಂದು ಸಹಿ ಹಾಕೋದು ಕಷ್ಟವಾ? ಹಾಕೋಕಾಗಲ್ಲ ಅಂದ್ರೆ ಅಕ್ಕನ ಮೆಮೊ ವಾಪಸ್ ತಗೊಳ್ಳಿ."

ಸೂಪರಿಂಟೆಂಡೆಂಟರ ಕಿವಿ ಕೆಂಪಾಯಿತು. ಬಯ್ಯಲು ಬಾಯಿ ತೆರೆದವರು ಹಾಳೆಯನ್ನು ಇನ್ನೊಮ್ಮೆ ಓದಿದರು.

"ಇಟ್ಟುಹೋಗಿ. ಆಮೇಲೆ ನೋಡೋಣ."

"ಮೆಮೊಗೆ ಮೂರೇ ದಿನ ಸಾರ್. ಇಲ್ಲೇ ಕಾಯ್ತೀನಿ."

ಮ್ಯಾನೇಜರ್ ಲ್ಯಾಪ್‌ಟಾಪ್ ಮಡಚಿಕೊಂಡು ಎದ್ದ, ಬಾಗಿಲ ಬಳಿ ಎರಡು ಸಲ ಕೆಮ್ಮಿದ, ಹೊರಟುಹೋದ. ಅವಳು ಏಳಲಿಲ್ಲ. ಸೂಪರಿಂಟೆಂಡೆಂಟರು ಬೇರೊಂದು ಫೈಲು ಎಳೆದುಕೊಂಡು ಪೆನ್ನಿನ ಕ್ಯಾಪ್ ತೆಗೆದರು. ಮೊದಲ ಪುಟಕ್ಕೆ ಸಹಿ ಹಾಕಿದರು, ಎರಡನೆಯದಕ್ಕೂ ಹಾಕಿದರು. ಮೂರನೆಯದರ ಮೇಲೆ ಪೆನ್ನು ನಿಂತಿತು. ಫ್ಯಾನಿನ ಗಾಳಿಗೆ ಇಬ್ಬರ ನಡುವಿನ ಹಾಳೆ ಸರಿದು ಸರಿದು ಮೇಜಿನ ಅಂಚಿಗೆ ಬಂತು. ಅದನ್ನು ಹಿಡಿಯಲು ಅವಳು ಕೈ ಚಾಚಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ ಅಂಗೈಯಿಂದ ಅದನ್ನು ಒತ್ತಿ ಹಿಡಿದರು.