ಸಖೀರಿನ ಡೇರೆಗೆ ಕಳಿಸಿದ ಊಟ

ಉಳ್ಳಾಲದ ಕುಲ್ಸುಂ ಬಹರೈನಿನ ರಿಫಾದ ಫ್ಲ್ಯಾಟಿನಲ್ಲಿ ಅಡುಗೆ ವ್ಯಾಪಾರ ಶುರು ಮಾಡಿದ ಮೇಲೆ ಅದು ಎರಡನೇ ಚಳಿಗಾಲ, 2009ರದ್ದು. ಚಳಿ ಬಿದ್ದರೆ ಜಬಲ್ ದುಖಾನ್ ಬೆಟ್ಟದ ಸುತ್ತಲಿನ ಸಖೀರ್ ಮರಳುಗಾಡಿನಲ್ಲಿ ಬಹರೈನಿ ಕುಟುಂಬಗಳು ಡೇರೆ ಹಾಕಿ ರಜೆ ಕಳೆಯುತ್ತಿದ್ದವು. ನಾಲ್ಕೈದು ತಿಂಗಳಷ್ಟೇ ಇರುವ ಆ ಡೇರೆಗಳ ಊರನ್ನು ನಂಬಿಕೊಂಡು ಕರಾವಳಿಯ ಹಲವರು ಸಂಸಾರ ನಡೆಸುತ್ತಿದ್ದರು. ಅವರಲ್ಲಿ ಸೇಸಪ್ಪ ಎಂಬವನು ಡೇರೆಗಳ ಜನರೇಟರ್ ರಿಪೇರಿ ಮಾಡುತ್ತಿದ್ದ. ಕುಲ್ಸುಮಳ ಗಂಡ ಉಸ್ಮಾನ್ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಅವನು ನೀರು ಹಾಕುವ ಡೇರೆಗಳಿಂದಲೇ ಅವಳಿಗೆ ಊಟದ ಆರ್ಡರ್ ಬರುತ್ತಿತ್ತು. ಮನೆಯಲ್ಲಿ ಅಡುಗೆ ಮಾಡಿ ಮಾರಲು ಅವಳಲ್ಲಿ ಲೈಸೆನ್ಸ್ ಮಾತ್ರ ಇರಲಿಲ್ಲ.

ಆ ಶುಕ್ರವಾರ ಉಮ್ಮು ಯೂಸುಫ್ ಎಂಬಾಕೆಯ ಡೇರೆಗೆ ಹನ್ನೆರಡು ಜನರ ಬಿರಿಯಾನಿ ಹೋಗಬೇಕಿತ್ತು. ಕೋಳಿ ಅರ್ಧ ಬೆಂದಾಗ ಗ್ಯಾಸ್ ಮುಗಿಯಿತು. ಜುಮಾ ನಮಾಝಿನ ಹೊತ್ತು, ಅಂಗಡಿ ಮುಚ್ಚಿತ್ತು. ಉಸ್ಮಾನ್ ಸಿಲಿಂಡರ್ ತರುವಷ್ಟರಲ್ಲಿ ಎರಡು ಗಂಟೆ ಹೊತ್ತು ಕಳೆದಿತ್ತು. ಕುಲ್ಸುಂ ಮೂಸಿ ನೋಡಿ, ಮತ್ತೆ ಚೆನ್ನಾಗಿ ಬೇಯಿಸಿ ಕಳಿಸಿದಳು. ಉಳಿದದ್ದರಲ್ಲಿ ಸ್ವಲ್ಪ ಮಗಳು ಅಸ್ನಾಳಿಗೆ ಬಡಿಸಿದಳು.

ನಾಲ್ಕೂವರೆಗೆ ಫೋನ್ ಬಂತು. ಉಮ್ಮು ಯೂಸುಫ್ ಅಳುತ್ತಾ, ಮುರುಕು ಹಿಂದಿಯಲ್ಲಿ, ನಾಲ್ಕು ವರ್ಷದ ಮಗ ವಾಂತಿ ಮಾಡಿ ಮಾಡಿ ಕಣ್ಣು ಮುಚ್ಚುತ್ತಿದ್ದಾನೆ, ರಿಫಾದ ಆಸ್ಪತ್ರೆಗೆ ತಂದಿದ್ದೇವೆ, ಊಟಕ್ಕೆ ಏನು ಹಾಕಿದ್ದೆ ಎಂದು ಕೇಳಿದಳು.

ಕುಲ್ಸುಂ ಫೋನ್ ಕೆಳಗಿಟ್ಟಳು. ಓಡಿಹೋಗಿ ಅಸ್ನಾಳ ಹಣೆ ಮುಟ್ಟಿದಳು, ನಾಲಗೆ ತೋರಿಸೆಂದಳು. ಹುಡುಗಿ ಟೀವಿಯಿಂದ ಕಣ್ಣು ತೆಗೆಯದೆ ನಾಲಗೆ ಚಾಚಿದಳು.

ಉಸ್ಮಾನ್ ಬಾಗಿಲು ಹಾಕಿ ಸಣ್ಣ ದನಿಯಲ್ಲಿ ಹೇಳಿದ: "ಫೋನ್ ಆಫ್ ಮಾಡು. ಉಳಿದದ್ದನ್ನೆಲ್ಲ ಚೆಲ್ಲು. ಪೊಲೀಸರು ಬಂದ್ರೆ ವೀಸಾ ಹೋಗ್ತದೆ, ಮೂರೂ ಜನ ಊರಿಗೆ."

ಅವಳು ಪಾತ್ರೆಯನ್ನು ಸಿಂಕಿನವರೆಗೆ ಒಯ್ದಳು. ಮುಚ್ಚಳ ತೆಗೆದಳು. ಆದರೆ ಚೆಲ್ಲದೆ, ಉಳಿದ ಅನ್ನವನ್ನು ಡಬ್ಬಿಗೆ ತುಂಬತೊಡಗಿದಳು.

"ಎಂತ ಮಾಡ್ತಿ ನೀನು?"

"ಡಾಕ್ಟರಿಗೆ ಕೊಡುವ. ಎಂತ ತಿಂದದ್ದು ಅಂತ ಗೊತ್ತಾಗದಿದ್ರೆ ಅವರು ಮದ್ದು ಹೇಗೆ ಕೊಡುದು? ನೀವು ಗಾಡಿ ತೆಗೀರಿ."

ಉಸ್ಮಾನ್ ಗಾಡಿ ತೆಗೆದ. ಹಿಂದಿನ ಸೀಟಿನಲ್ಲಿ ಅಸ್ನಾ ಒಮ್ಮೆ ಕೆಮ್ಮಿದಳು. ಕುಲ್ಸುಂ ತಿರುಗಿ ಮತ್ತೆ ಅವಳ ಹಣೆ ಮುಟ್ಟಿದಳು. ಆಸ್ಪತ್ರೆಯ ಬಾಗಿಲಲ್ಲಿ ಕಂಡ ಪೊಲೀಸನೊಬ್ಬ ತನಗಾಗಿಯೇ ಕಾಯುತ್ತಿದ್ದಾನೆ ಎನಿಸಿತು. ಅವನು ಅವಳತ್ತ ನೋಡಲೂ ಇಲ್ಲ.

ತುರ್ತು ಕೊಠಡಿಯ ಹೊರಗೆ ಉಮ್ಮು ಯೂಸುಫ್ ಎದ್ದು ಬಂದವಳೇ, ಮಗನ ವಾಂತಿಯ ಬಟ್ಟೆ ತುಂಬಿದ್ದ ಪ್ಲಾಸ್ಟಿಕ್ ಚೀಲವನ್ನು ಕುಲ್ಸುಮಳ ಎದೆಗೆ ಒತ್ತಿದಳು. ನೋಡು, ನಿನ್ನ ಅಡುಗೆ ನೋಡು ಎಂದಳು. ಆಕೆ ಪೂಸಿಕೊಂಡಿದ್ದ ಊದ್ ಅತ್ತರಿನ ಗಾಢ ವಾಸನೆ, ಬೇರಾವ ವಾಸನೆಯೂ ತಿಳಿಯದಂತೆ, ಸುತ್ತೆಲ್ಲ ಹಬ್ಬಿತ್ತು. ಕುಲ್ಸುಂ ಚೀಲ ಬಿಚ್ಚಿ ಮೂಸಿದಳು. ಕೋಳಿಯ ವಾಸನೆಯಲ್ಲ. ಚಿಕ್ಕಂದಿನಲ್ಲಿ ಸೊಸೈಟಿಯ ಕ್ಯೂನಲ್ಲಿ ನಿಂತು ಕ್ಯಾನಿನಲ್ಲಿ ಹೊತ್ತು ತಂದದ್ದರ ವಾಸನೆ.

"ಇದು ಚಿಮಿಣಿ ಎಣ್ಣೆ," ಎಂದಳು ಗಂಡನಿಗೆ. "ಡಾಕ್ಟರಿಗೆ ಹೇಳಿ, ಬೇಗ ಹೇಳಿ."

ಉಸ್ಮಾನ್ ಒಳಗೆ ಓಡಿದ. ಡಾಕ್ಟರು ಹೊರಬಂದು ಬಟ್ಟೆ ಮೂಸಿ, ಕೂಡಲೇ ಎದೆಯ ಎಕ್ಸ್‌ರೇಗೆ ಬರೆದು, ಹುಡುಗನಿಗೆ ಆಮ್ಲಜನಕ ಹಾಕಿಸಿದರು. ಅನ್ನದ ಡಬ್ಬಿ ಕುಲ್ಸುಮಳ ಕೈಯಲ್ಲೇ ಉಳಿಯಿತು. ಡೇರೆಯಲ್ಲಿ ಲಾಟೀನಿನ ಸೀಮೆಎಣ್ಣೆಯನ್ನು ನೀರಿನ ಬಾಟಲಿಯಲ್ಲಿ ಇಟ್ಟಿದ್ದರು, ಹುಡುಗ ನೀರೆಂದು ಅದನ್ನೇ ಕುಡಿದಿದ್ದಾನೆ ಎಂದು ಅಲ್ಲಿದ್ದ ಮನೆಯವರು ಫೋನಿನಲ್ಲಿ ತಿಳಿಸಿದಾಗ ಸಂಜೆ ಆರಾಗಿತ್ತು. ಹುಡುಗನ ಪ್ರಾಣಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಹೇಳುವವರೆಗೂ ಕುಲ್ಸುಂ ಅಲ್ಲಿಂದ ಕದಲಲಿಲ್ಲ. ಕೋಳಿ ಎರಡು ಗಂಟೆ ಹಾಗೇ ಇದ್ದದ್ದನ್ನೂ ಅವಳು ಉಮ್ಮು ಯೂಸುಫಳಿಗೆ ಹೇಳಿಬಿಟ್ಟಳು. ಆಕೆ ಪಕ್ಕದ ಕುರ್ಚಿ ತೋರಿಸಿ ಕೂರು ಎಂದಳು.

ಆ ಚಳಿಗಾಲ ಕುಲ್ಸುಂ ಮತ್ತೆ ಯಾವ ಡೇರೆಗೂ ಅಡುಗೆ ಕಳಿಸಲಿಲ್ಲ. ಮುಂದಿನ ವರ್ಷ ಉಮ್ಮು ಯೂಸುಫಳ ಗಂಡನೇ ತನ್ನ ಹೆಸರಿನಲ್ಲಿ ಲೈಸೆನ್ಸಿನ ಕಾಗದ ಮಾಡಿಸಿ, ರಿಫಾದಲ್ಲಿ ಒಂದು ಸಣ್ಣ ಅಡುಗೆಮನೆ ತೆರೆಸಿಕೊಟ್ಟ. ವ್ಯಾಪಾರ ಚೆನ್ನಾಗಿಯೇ ನಡೆಯಿತು. ಆದರೂ ಸಖೀರಿಗೆ ಊಟ ಹೋದ ದಿನ, ಸಂಜೆ ಕಳೆಯುವವರೆಗೆ ಕುಲ್ಸುಂ ಊಟ ಮಾಡದೆ ಫೋನಿನ ಪಕ್ಕದಲ್ಲೇ ಕೂತಿರುತ್ತಿದ್ದಳು.