ಕೆಂಪು ಇಳಿಯುವ ಹೊತ್ತು

ಕಡ್ಡಿಯಷ್ಟು ಸಪೂರವಾದ ಗಾಜಿನ ಕೊಳವೆಯಲ್ಲಿ ಗಂಡನ ರಕ್ತ ನೆಟ್ಟಗೆ ನಿಂತಿತ್ತು. ಜ್ಞಾನಮ್ಮ ಅದರಿಂದ ಕಣ್ಣು ಕೀಳಲಿಲ್ಲ. ಮೊದಮೊದಲು ಏನೂ ಆಗುತ್ತಿಲ್ಲವೆನಿಸಿತು. ಆಮೇಲೆ ಕೆಂಪು ತಳಕ್ಕೆ ಸರಿಯುತ್ತ, ಮೇಲೆ ತಿಳಿಗಂಜಿಯಂಥ ಹಳದಿ ನೀರು ಉಳಿಯತೊಡಗಿತು.

“ಮೈಯೊಳಗೆ ಉರಿ ಇದ್ರೆ ಕೆಂಪು ಬೇಗ ಇಳಿಯುತ್ತೆ ಕಣಮ್ಮ,” ಎಂದರು ಡಾಕ್ಟರ್ ವೆಂಕಟಸುಬ್ಬಯ್ಯ, ಕೈ ತೊಳೆಯುತ್ತ. “ಗಟ್ಟಿಯಾಗಿರೋರದು ಸಾವಕಾಶ. ನಿಮ್ಮ ಯಜಮಾನರದು ನೋಡಿ, ಯಾರೋ ಅಟ್ಟಿಸ್ಕೊಂಡು ಬಂದ ಹಾಗಿದೆ.”

“ಜ್ವರ ಬಿಟ್ಟು ವಾರ ಆಯ್ತಲ್ಲ ಸ್ವಾಮಿ,” ಎಂದ ಬೆಂಚಿನ ಮೇಲಿದ್ದ ಪೌಲ್. “ಊಟ ಸೇರ್ತಿದೆ. ನಿದ್ದೆ ಬರ್ತಿದೆ.”

“ಜ್ವರ ಬಿಟ್ಟಿದೆ, ಎದೆ ಬಿಟ್ಟಿಲ್ಲ. ಫ್ಲೂ ನಿಮ್ಮ ಶ್ವಾಸಕೋಶದ ಒಳಗೋಡೆನ ಕೆರೆದು ಹಾಕಿದೆ. ಆ ಗಾಯ ಮಾಯೋವರೆಗೆ ನಿಮ್ಮ ಬ್ಯಾಂಡಿನ ತುತ್ತೂರಿ, ಆ ಕಾರ್ನೆಟ್, ಮುಟ್ಟಬೇಡಿ.”

ಐವತ್ತೇಳನೆಯ ಇಸವಿ. ಏಷ್ಯಾದ ಫ್ಲೂ ಎಂದು ಪತ್ರಿಕೆಗಳು ಕರೆದ ಕಾಯಿಲೆಯಿಂದ ಲಷ್ಕರ್ ಮೊಹಲ್ಲಾದ ಮನೆಮನೆಯೂ ಕೆಮ್ಮುತ್ತಿತ್ತು. ದಸರೆ ಹತ್ತಿರ ಬಂದಿತ್ತು. ಮದುವೆಯಾದಂದಿನಿಂದ ಜ್ಞಾನಮ್ಮ ಬನ್ನಿಮಂಟಪದ ಪಂಜಿನ ಕವಾಯತನ್ನು ಪಕ್ಕದ ಮನೆಯ ಸರೋಜಮ್ಮನ ಜೊತೆ ನೋಡಿದವಳು. ಬ್ಯಾಂಡಿನವರ ಸಾಲಿನಲ್ಲಿ ಗಂಡನ ಟೋಪಿ ಯಾವುದೆಂದು ಹುಡುಕುವುದರಲ್ಲೇ ಅವಳ ಹಬ್ಬ ಮುಗಿಯುತ್ತಿತ್ತು. ಡಾಕ್ಟರ ಮಾತು ಕೇಳಿದಾಗ ಅವಳ ಮನಸ್ಸು ಹಗುರಾಯಿತು. ಹಾಗಾಯಿತಲ್ಲ ಎಂದು ನಾಚಿಕೆಯೂ ಆಗಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

ವಿಜಯದಶಮಿಯ ಬೆಳಿಗ್ಗೆ, ಬ್ಯಾಂಡಿನಲ್ಲಿ ಪೌಲನ ಪಕ್ಕದಲ್ಲೇ ನಿಂತು ಊದುವ ಸುಂದರೇಶ ಜಗಲಿಗೆ ಬಂದ. “ಪೌಲಣ್ಣ, ಅರ್ಧ ಜನ ಮಲಗ್ಬುಟ್ಟವ್ರೆ. ಒಂಟಿಯಾಗಿ ಊದೋ ಜಾಗಕ್ಕೆ ಯಾರೂ ಇಲ್ಲ. ಒಂದೇ ಟ್ಯೂನಿಗೆ ಬಂದ್ರೂ ಸಾಕು ಅಂತ ಬ್ಯಾಂಡ್ ಮೇಷ್ಟ್ರು ಹೇಳಿ ಕಳಿಸಿದ್ರು.”

“ಕೂತಿರು, ಬಂದೆ,” ಎಂದ ಪೌಲ್. ಒಳಗೆ ಬಂದು ಯೂನಿಫಾರ್ಮ್ ಕೇಳಿದ.

ಜ್ಞಾನಮ್ಮ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿದಳು. ಒಂದು ತೋಳು ಮುಗಿಸಿ, ಇನ್ನೊಂದನ್ನು ಹಾಸಿ, ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು.

“ಹೋಗ್ಬೇಡಿ ಅನ್ಬೇಕು ಅಂತಿದೀನಿ. ನಿಮ್ಮ ಎದೆಗೋಸ್ಕರ ಅಂತಿದೀನೋ ನನಗೋಸ್ಕರ ಅಂತಿದೀನೋ, ಅದೇ ಗೊತ್ತಾಗ್ತಿಲ್ಲ.”

“ನಿನಗೋಸ್ಕರ ಅಂದ್ರೆ?”

“ಒಂದ್ಸಲನಾದ್ರೂ ನಿಮ್ಮ ಪಕ್ಕ ಕೂತು ಪಂಜು ನೋಡ್ಬೇಕು ಅಂತ. ಆವತ್ತು ಡಾಕ್ಟ್ರು ರಕ್ತ ಬೇಗ ಇಳೀತಿದೆ ಅಂದ್ರಲ್ಲ, ನಂಗೆ ಸಂತೋಷ ಆಗ್ಬುಡ್ತು. ತಪ್ಪು ಅಂತ ಗೊತ್ತು.”

ಪೌಲ್ ಅವಳನ್ನೇ ನೋಡಿದ. ನಗು ಬಂತು, ನಗು ಕೆಮ್ಮಾಯಿತು, ಕೆಮ್ಮು ಅವನನ್ನು ಬಗ್ಗಿಸಿ ಬಾಗಿಲ ಚೌಕಟ್ಟು ಹಿಡಿಸಿತು. ಉಸಿರು ಮರಳಲು ತುಂಬ ಹೊತ್ತು ಬೇಕಾಯಿತು. ಬೆನ್ನ ಮೇಲಿಟ್ಟ ಅವಳ ಅಂಗೈಯ ಕೆಳಗೆ ಎದೆಗೂಡು ಗೊರಗೊರ ಎನ್ನುತ್ತಿತ್ತು. ಕಣ್ಣೊರೆಸಿಕೊಂಡು ಅವನು ಜಗಲಿಯ ಕಡೆ ಕೂಗಿದ:

“ಸುಂದರೇಶ, ನೀನೇ ಊದ್ಬುಡು. ಗೊತ್ತಲ್ಲ ನಿಂಗೆ. ಮೇಲಿನ ಸ್ವರಕ್ಕೆ ಹೋಗೋವಾಗ ಅವಸರ ಮಾಡಬೇಡ, ಅಷ್ಟೇ.”

ಸಂಜೆ ಬನ್ನಿಮಂಟಪಕ್ಕೆ ನಿಧಾನವಾಗಿ ನಡೆದರು. ದಾರಿಯಲ್ಲಿ ಅವನು ಎರಡು ಕಡೆ ಕೂತ. ಎರಡು ಕಡೆಯೂ ಅವಳು ಜೊತೆಗೆ ಕೂತಳು. ಮೈದಾನದ ಅಂಚಿನ ಹುಲ್ಲಿನಲ್ಲಿ ಜಾಗ ಸಿಕ್ಕಿತು. ಕುದುರೆಗಳು ಹಾದವು, ಪಂಜುಗಳು ಹೊತ್ತಿದವು, ಬ್ಯಾಂಡು ಆರಂಭವಾಯಿತು. ಸುಂದರೇಶನ ಕಾರ್ನೆಟ್ ಒಂದು ಕಡೆ ತಡವರಿಸಿ, ಸುಧಾರಿಸಿಕೊಂಡು ಮೇಲೇರಿತು.

“ಇಷ್ಟು ವರ್ಷ ಊದಿದೀನಿ,” ಎಂದ ಪೌಲ್. “ಹೊರಗಿನಿಂದ ಹೆಂಗೆ ಕೇಳುತ್ತೆ ಅಂತ ಗೊತ್ತೇ ಇರಲಿಲ್ಲ.”

“ನಂಗೆ ಗೊತ್ತಿತ್ತು,” ಎಂದಳು ಅವಳು.

ದೀಪಾವಳಿ ಕಳೆದು ಮತ್ತೆ ರಕ್ತ ತೆಗೆದಾಗ ಕೆಂಪು ಸಾವಕಾಶವಾಗಿಯೇ ಇಳಿಯಿತು, ಪೌಲ್ ಬ್ಯಾಂಡಿಗೆ ಮರಳಿದ. ಪಂಜಿನ ಆ ಸಂಜೆ ಮಾತ್ರ ಅದ್ಯಾವುದೂ ಅವರಿಗೆ ತಿಳಿದಿರಲಿಲ್ಲ. ಪಂಜುಗಳು ಆರಿ, ಸುಟ್ಟೆಣ್ಣೆಯ ವಾಸನೆ ಹುಲ್ಲಿನ ಮೇಲೆ ನಿಂತಿತು. ಜನ ಎದ್ದು ಮಣ್ಣು ಕೊಡವಿಕೊಳ್ಳುತ್ತಿದ್ದರು. ಅವಳ ಮಣಿಕಟ್ಟಿನ ಮೇಲೆ ಪೌಲನ ಮೂರು ಬೆರಳು, ಕಾರ್ನೆಟ್ಟಿನ ಮೂರು ಗುಂಡಿಗಳ ಮೇಲಿದ್ದಂತೆ, ಮುಗಿದುಹೋದ ಟ್ಯೂನನ್ನು ಇನ್ನೂ ಒತ್ತುತ್ತಲೇ ಇದ್ದವು.